ಮೂರು ಕೇಬಲ್ ಲೈನು ಒಂದಾದಾಗ ಮಾತಾಡಬೇಕಾದವರು ಯಾರು?

ಪ್ರಶ್ನೆ: ನಾನು ಕಾಪು ಸಮೀಪದ ಹಳ್ಳಿಯೊಂದರ ನಿವೃತ್ತ ಶಿಕ್ಷಕ. ಹದಿನೈದು ವರ್ಷದ ಹಿಂದೆ ನಮ್ಮಲ್ಲಿ ಮೂವರು ಕೇಬಲ್‌ನವರಿದ್ದರು. ಈಗ ಮೂರೂ ಲೈನು ಒಂದೇ ಸಂಸ್ಥೆಯ ಕೈಗೆ ಬಂದಿದೆ. ಊರ ಸುದ್ದಿ ಕೊಡುವ ಲೋಕಲ್ ಚಾನೆಲ್ಲೂ ಅವರದೇ. ರಸ್ತೆ ಕಾಮಗಾರಿ ಸರಿಯಾಗಿಲ್ಲವೆಂದು ನಾವು ಕೊಟ್ಟ ಮನವಿ ಆ ಚಾನೆಲಿನಲ್ಲಿ ಬರಲಿಲ್ಲ. ಗುತ್ತಿಗೆದಾರರು ಸಂಸ್ಥೆಯ ಪಾಲುದಾರರಿಗೆ ಸಂಬಂಧಿಕರೆಂದು ಆಮೇಲೆ ತಿಳಿಯಿತು. ಮಾಧ್ಯಮಗಳ ಒಡೆತನದ ಬಗ್ಗೆ ನಿಯಮ ಮಾಡುವಾಗ ಸರಕಾರ ಜನರ ಅಭಿಪ್ರಾಯ ಕೇಳುತ್ತದಂತೆ. ನಮ್ಮಂಥವರು ಕನ್ನಡದಲ್ಲಿ ಬರೆದರೆ ಓದುತ್ತಾರೆಯೇ? ಬರೆದು ಏನಾದರೂ ಪ್ರಯೋಜನ ಉಂಟೇ?

ಉತ್ತರ: ಮಾಸ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಪ್ರಯೋಜನ ಉಂಟು, ಆದರೆ ಅದು ನೀವು ಏನು ಬರೆಯುತ್ತೀರಿ ಎಂಬುದರ ಮೇಲೆ ನಿಂತಿದೆ. ‘ಮಾಧ್ಯಮ ಕೆಲವೇ ಮಂದಿಯ ಕೈಗೆ ಹೋಗಬಾರದು’ ಎನ್ನುವ ಪತ್ರಗಳು ದಿಲ್ಲಿಯ ಕಡತಗಳಲ್ಲಿ ಬೇಕಾದಷ್ಟಿವೆ. ಅಲ್ಲಿ ಸಿಗದಿರುವುದು ನಿಮ್ಮ ಪತ್ರದ ಎರಡನೇ ಮತ್ತು ಮೂರನೇ ಸಾಲು: ನಮ್ಮೂರಲ್ಲಿ ಮೂರು ಲೈನು ಇತ್ತು, ಈಗ ಒಂದು. ಈ ನಿಯಮ ಮಾಡುವವರ ಲೆಕ್ಕದಲ್ಲಿ ಕರಾವಳಿ ಎಂಬ ಪ್ರದೇಶವೇ ಇಲ್ಲ. ಯಾಕಿಲ್ಲ ಎಂದು ತಿಳಿದರೆ ಏನು ಬರೆಯಬೇಕೆಂಬುದೂ ಸ್ಪಷ್ಟವಾಗುತ್ತದೆ. ಅದಕ್ಕಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಒಂದೇ ಕಂಪೆನಿ ಪತ್ರಿಕೆ, ಟಿವಿ, ಕೇಬಲ್ ಮೂರನ್ನೂ ಇಟ್ಟುಕೊಳ್ಳಬಾರದು ಎನ್ನುವ ಕಾಯಿದೆ ನಮ್ಮ ದೇಶದಲ್ಲಿ ಇಲ್ಲ. ಅಲ್ಲಲ್ಲಿ ಬಿಡಿಬಿಡಿ ಮಿತಿಗಳಿವೆ. ಖಾಸಗಿ ಎಫ್‌ಎಂ ರೇಡಿಯೋದ್ದು ಅದರಲ್ಲಿ ಒಂದು. 2011ರ ಮೂರನೇ ಹಂತದ ನೀತಿಯಂತೆ ಒಂದು ಊರಿನ ವಾಹಿನಿಗಳಲ್ಲಿ ಶೇ. 40ಕ್ಕಿಂತ ಹೆಚ್ಚು ಒಬ್ಬರ ಕೈಗೆ ಹೋಗುವಂತಿಲ್ಲ, ಊರಿನಲ್ಲಿ ಕನಿಷ್ಠ ಮೂವರು ಬೇರೆ ಬೇರೆ ನಿರ್ವಾಹಕರು ಇರಬೇಕು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಊರುಗಳಿಗೆ 730 ಹೊಸ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಉಡುಪಿಯ ಹೆಸರೂ ಇದೆ. ಒಂದು ಊರಿಗೆ ಮೂರು ವಾಹಿನಿ ಎಂದಿಟ್ಟುಕೊಳ್ಳಿ. ಮೂರರಲ್ಲಿ ಶೇ. 40 ಎಂದರೆ ಒಂದು ಮತ್ತು ಚಿಲ್ಲರೆ. ಅಂದರೆ ತಲೆಗೊಂದೇ ವಾಹಿನಿ. ಇಲ್ಲಿ ನಿಯಮ ಊರನ್ನೇ ಅಳತೆಯ ಘಟಕವಾಗಿ ಹಿಡಿದಿದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಬೇಸರವಾಗುವ ಸಂಗತಿ ಏನೆಂದರೆ, ಇಷ್ಟು ಚಂದದ ಮಿತಿ ಹಾಕಿಸಿಕೊಂಡ ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಮರುಪ್ರಸಾರ ಮಾಡಬಹುದು, ಅಷ್ಟೆ. ಸುದ್ದಿ ಇಲ್ಲದ ಕಡೆ ಒಡೆತನದ ಮಿತಿ ಬಿಗಿಯಾಗಿದೆ. ಸುದ್ದಿ ಹುಟ್ಟುವ ಪತ್ರಿಕೆ, ಕೇಬಲ್ ಚಾನೆಲ್ಲುಗಳ ಕಡೆ ಸಡಿಲವಾಗಿದೆ, ಅಥವಾ ಇಲ್ಲವೇ ಇಲ್ಲ.

ಪತ್ರಿಕೆಗಳ ಮೇಲೆ ಮಿತಿ ಬಾರದ್ದಕ್ಕೆ ಒಂದು ಇತಿಹಾಸ ಇದೆ. ದೊಡ್ಡ ಪತ್ರಿಕೆಗಳು ಕಡಿಮೆ ಬೆಲೆಗೆ ಹೆಚ್ಚು ಪುಟ ಕೊಟ್ಟು ಸಣ್ಣವನ್ನು ಮುಗಿಸಬಾರದೆಂದು 1956ರಲ್ಲಿ ಸಂಸತ್ತು ಬೆಲೆಗೂ ಪುಟಕ್ಕೂ ಗಂಟು ಹಾಕುವ ಕಾಯಿದೆ ಮಾಡಿತು. ಮರಾಠಿಯ ‘ಸಕಾಳ್’ ಪತ್ರಿಕೆ ಕೋರ್ಟಿಗೆ ಹೋಯಿತು. ಪುಟ ಕಡಿಮೆ ಮಾಡಿಸುವುದೆಂದರೆ ಮಾತು ಕಡಿಮೆ ಮಾಡಿಸಿದಂತೆ ಎಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ಪತ್ರಿಕೆಯ ಒಡೆತನಕ್ಕೆ ಮಿತಿ ಹಾಕುವ ಕಾಯಿದೆ ಬರಲಿಲ್ಲ. ಆ ತೀರ್ಪು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಒಡೆತನದ ಹೆಸರು ಹೇಳಿಕೊಂಡು ಸರಕಾರ ಪತ್ರಿಕೆಯ ಕತ್ತು ಹಿಚುಕುವ ಸಾಧ್ಯತೆ ಯಾವತ್ತೂ ಇದ್ದೇ ಇದೆ. ಅಭಿಪ್ರಾಯ ಬರೆಯುವಾಗ ನಾವು ಕೂಡ ಇದನ್ನು ಮರೆಯಬಾರದು.

ಪ್ರಸಾರದ ವಿಷಯ ಬೇರೆ. 1995ರಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಲೆಗಳು ಸಾರ್ವಜನಿಕ ಸೊತ್ತು ಎಂದು ಹೇಳಿತು. ಸೊತ್ತು ನಮ್ಮದೆಂದ ಮೇಲೆ ಅದನ್ನು ಯಾರಿಗೆ ಕೊಡುತ್ತೀರಿ ಎಂದು ಕೇಳುವ ಹಕ್ಕೂ ನಮ್ಮದು. ಕೇಬಲ್‌ಗೆ ಅಲೆ ಬೇಡ, ನಮ್ಮಲ್ಲಂತೂ ತೆಂಗಿನ ಮರದಿಂದ ತೆಂಗಿನ ಮರಕ್ಕೆ, ಕಂಬದಿಂದ ಕಂಬಕ್ಕೆ ತಂತಿ ಹೋಗುತ್ತದೆ. ಬಹುಕಾಲ ಕೇಬಲ್ ಆಪರೇಟರ್ ನೋಂದಣಿ ಆಗುತ್ತಿದ್ದುದು ಪ್ರಧಾನ ಅಂಚೆ ಕಚೇರಿಯಲ್ಲಿ, 1995ರ ಕೇಬಲ್ ಕಾಯಿದೆಯ ಪ್ರಕಾರ. ಫಾರಂ ತುಂಬಿ, ಶುಲ್ಕ ಕಟ್ಟಿದರೆ ಮುಗಿಯಿತು. ಈ ಊರಿನಲ್ಲಿ ಇನ್ನೆಷ್ಟು ಲೈನು ಉಳಿದಿದೆ ಎಂದು ಲೆಕ್ಕ ಇಡುವುದು ಅಂಚೆಯವರ ಕೆಲಸ ಆಗಿರಲಿಲ್ಲ.

ಲೋಕಲ್ ಚಾನೆಲ್ಲಿನ ಬಗ್ಗೆ ನಿಯಮ ಬಂದದ್ದು 2022ರ ನವೆಂಬರ್ 30ರಂದು. ಕೇಬಲ್ ಜಾಲದವರು ತಾವೇ ನಡೆಸುವ ಚಾನೆಲ್ಲುಗಳು ಒಟ್ಟು ಸಾಮರ್ಥ್ಯದ ಶೇ. 5 ದಾಟಬಾರದು, ಪ್ರತಿ ಚಾನೆಲ್ಲಿಗೆ 1,000 ರೂಪಾಯಿ ಕಟ್ಟಿ ನೋಂದಾಯಿಸಬೇಕು, ಸ್ಥಳೀಯ ಸುದ್ದಿ ಕೊಡುವುದಾದರೆ ಕಂಪೆನಿಯಾಗಿಯೇ ನೋಂದಣಿ ಇರಬೇಕು ಎಂದೆಲ್ಲ ಅದರಲ್ಲಿದೆ. ಕಂಪೆನಿ ಆಗಬೇಕೆಂಬ ಷರತ್ತು ನಿಮಗೆ ತುಂಬ ಉಪಯೋಗದ್ದು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಈಗ ಮುಖ್ಯ ವಿಷಯ. ಒಡೆತನದ ಬಗ್ಗೆ ಸರಕಾರಕ್ಕೆ ಸಲಹೆ ಕೊಡುವ ಸಂಸ್ಥೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್. ಫೋನ್ ಕಂಪೆನಿಗಳನ್ನು ನೋಡಿಕೊಳ್ಳಲೆಂದು 1997ರಲ್ಲಿ ಹುಟ್ಟಿದ ಈ ಸಂಸ್ಥೆಗೆ 2004ರಲ್ಲಿ ಪ್ರಸಾರ ಮತ್ತು ಕೇಬಲ್ ಕೂಡ ಸೇರಿತು. ಟ್ರಾಯ್ ಈ ವಿಷಯವನ್ನು ಮೂರು ಸಲ ಜನರ ಮುಂದಿಟ್ಟಿದೆ. 2008ರಲ್ಲಿ ಸಮಾಲೋಚನಾ ಪತ್ರ, ಅಂದರೆ ಪ್ರಶ್ನೆಗಳನ್ನು ಮುಂದಿಟ್ಟು ಜನರ ಅಭಿಪ್ರಾಯ ಕೇಳುವ ದಾಖಲೆ ಬಂತು, 2009ರಲ್ಲಿ ಶಿಫಾರಸು. 2013ರ ಫೆಬ್ರವರಿಯಲ್ಲಿ ಮತ್ತೆ ಪತ್ರ, 2014ರ ಆಗಸ್ಟ್ 12ಕ್ಕೆ ಶಿಫಾರಸು. 2022ರ ಏಪ್ರಿಲ್ 12ರಂದು ಇನ್ನೊಂದು ಪತ್ರ.

2014ರ ಶಿಫಾರಸನ್ನು ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕೆಂದರೆ ನಮ್ಮ ಕರಾವಳಿ ಕಳೆದುಹೋಗುವುದು ಅಲ್ಲಿಯೇ. ಒಬ್ಬರ ಹಿಡಿತ ಅತಿಯಾಯಿತೇ ಎಂದು ಅಳೆಯಲು ಒಂದು ಲೆಕ್ಕ ಬಳಸಿದರು. ಪ್ರತಿಯೊಬ್ಬರ ಪಾಲನ್ನು ಶೇಕಡಾದಲ್ಲಿ ತೆಗೆದುಕೊಂಡು, ಅದರ ವರ್ಗ ಮಾಡುವುದು. ಪಾಲು 10 ಆದರೆ ನೂರು ಅಂಕ, 30 ಆದರೆ 900. ಒಂದೇ ಮಾರುಕಟ್ಟೆಯಲ್ಲಿ ಟಿವಿಯಲ್ಲೂ ಪತ್ರಿಕೆಯಲ್ಲೂ ಸಾವಿರ ಅಂಕ ದಾಟುವಂತಿಲ್ಲ, ದಾಟಿದರೆ ಒಂದು ಕಡೆ ಕಡಿಮೆ ಮಾಡಬೇಕು ಎಂಬುದು ಸಲಹೆ. ಸಾವಿರ ಅಂಕ ಎಂದರೆ ಸುಮಾರು ಶೇ. 32ರ ಪಾಲು. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಪ್ರಶ್ನೆ ಇರುವುದು ‘ಮಾರುಕಟ್ಟೆ’ ಎಂದರೆ ಯಾವುದು ಎಂಬಲ್ಲಿ. ಅವರು ಹಿಡಿದದ್ದು ಭಾಷೆ ಮತ್ತು ಆ ಭಾಷೆ ಹೆಚ್ಚಾಗಿರುವ ರಾಜ್ಯ. ಕನ್ನಡ ಎಂದರೆ ಇಡೀ ಕರ್ನಾಟಕ.

ಒಂದು ಲೆಕ್ಕ ಮಾಡಿ ನೋಡಿ, ಅಂಕಿಗಳು ನಾನೇ ಕಲ್ಪಿಸಿಕೊಂಡವು. ಒಂದು ಪತ್ರಿಕೆ ದಿನಕ್ಕೆ ಒಂದು ಲಕ್ಷ ಪ್ರತಿ ಮಾರುತ್ತದೆ, ಅದರಲ್ಲಿ ತೊಂಬತ್ತು ಸಾವಿರ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ. ಇವೆರಡು ಜಿಲ್ಲೆಗಳಲ್ಲಿ ಎಲ್ಲ ಪತ್ರಿಕೆ ಸೇರಿ ಒಂದೂವರೆ ಲಕ್ಷ, ರಾಜ್ಯದಲ್ಲಿ ಇಪ್ಪತ್ತು ಲಕ್ಷ. ರಾಜ್ಯದ ಲೆಕ್ಕದಲ್ಲಿ ಆ ಪತ್ರಿಕೆಯ ಪಾಲು ಶೇ. 5, ಅಂಕ 25. ಎರಡು ಜಿಲ್ಲೆಯ ಲೆಕ್ಕದಲ್ಲಿ ಪಾಲು ಶೇ. 60, ಅಂಕ 3,600. ಅದೇ ಪತ್ರಿಕೆ, ಅವೇ ಪ್ರತಿಗಳು. ಬೆಂಗಳೂರಿನಿಂದ ನೋಡಿದರೆ ಇರುವೆ, ಕಲ್ಯಾಣಪುರದಲ್ಲಿ ನಿಂತು ನೋಡಿದರೆ ಆನೆ. ನಿಮ್ಮೂರಿನ ಕೇಬಲ್ ಸಂಸ್ಥೆಯದೂ ಇದೇ ಕತೆ. ರಾಜ್ಯದ ಪಟ್ಟಿಯಲ್ಲಿ ಅದರ ಹೆಸರೇ ಕಾಣಲಿಕ್ಕಿಲ್ಲ. ನಿಮ್ಮ ಮನೆಗೆ ಬರುವ ಸುದ್ದಿಯ ಬಾಗಿಲು ಮಾತ್ರ ಅದೊಂದೇ.

ಕರಾವಳಿ ಹೀಗೆ ಪ್ರತ್ಯೇಕ ಮಾರುಕಟ್ಟೆ ಎನ್ನಲು ಅಭಿಮಾನ ಒಂದೇ ಕಾರಣವಲ್ಲ. ಘಟ್ಟದ ಮೇಲಿನವರು ಓದುವ ಪತ್ರಿಕೆ ಬೇರೆ, ನಾವು ಓದುವುದು ಬೇರೆ. 1970ರಲ್ಲಿ ಮಣಿಪಾಲದಲ್ಲಿ ‘ಉದಯವಾಣಿ’ ಹುಟ್ಟಿದ ಮೇಲೆ ಎರಡೂ ಜಿಲ್ಲೆಯ ಓದಿನ ರೂಢಿ ಅದರ ಸುತ್ತ ಬೆಳೆಯಿತು. ಜಾಹೀರಾತು ಇಲ್ಲಿನದೇ, ಸಾವಿನ ಸುದ್ದಿ ಇಲ್ಲಿನದೇ, ಯಕ್ಷಗಾನ ಮೇಳದ ‘ಇಂದಿನ ಆಟ’ದ ಪಟ್ಟಿ ಇಲ್ಲಿನದೇ. ಕೇಬಲ್‌ನಲ್ಲಿ ತುಳು ವಾರ್ತೆ, ಕಂಬಳದ ನೇರ ಪ್ರಸಾರ. ಇದನ್ನು ಧಾರವಾಡದ ಓದುಗನ ಜತೆ ಒಂದೇ ತಕ್ಕಡಿಗೆ ಹಾಕಿ ತೂಗಿದರೆ ಬರುವ ಉತ್ತರ ಇಬ್ಬರಿಗೂ ಸಲ್ಲುವುದಿಲ್ಲ. ಎಫ್‌ಎಂ ನೀತಿಯಲ್ಲಿ ಊರನ್ನು ಘಟಕವಾಗಿ ಹಿಡಿಯಲು ಸಾಧ್ಯವಾದರೆ, ಪತ್ರಿಕೆ ಮತ್ತು ಕೇಬಲ್‌ಗೆ ಜಿಲ್ಲೆಯನ್ನು ಹಿಡಿಯಲು ಯಾಕೆ ಆಗುವುದಿಲ್ಲ? ನಿಮ್ಮ ಅಭಿಪ್ರಾಯಪತ್ರದ ಬೆನ್ನೆಲುಬು ಈ ಒಂದು ಪ್ರಶ್ನೆ ಆಗಬೇಕೆಂದು ನನ್ನ ಸಲಹೆ.

ನಮ್ಮವರು ತಲೆ ಹಾಕಲೇಬೇಕಾದ ಇನ್ನೊಂದು ಸಂಗತಿ ಆ ಶಿಫಾರಸಿನಲ್ಲಿದೆ. ರಾಜಕೀಯ ಪಕ್ಷಗಳು, ಧಾರ್ಮಿಕ ಸಂಸ್ಥೆಗಳು, ಪಂಚಾಯತ್ ಮತ್ತು ನಗರಾಡಳಿತಗಳು, ಸರಕಾರಿ ಇಲಾಖೆಗಳು ಪ್ರಸಾರಕ್ಕೂ ಟಿವಿ ವಿತರಣೆಗೂ ಇಳಿಯಬಾರದು ಎಂದು ಟ್ರಾಯ್ ಹೇಳಿದೆ. ಪಕ್ಷಗಳ ಬಗ್ಗೆ ನನಗೆ ಅನುಮಾನ ಇಲ್ಲ, ಬೇಡವೇ ಬೇಡ. ಧಾರ್ಮಿಕ ಸಂಸ್ಥೆಗಳ ಬಗ್ಗೆ ಮಾತ್ರ ಮಂಗಳೂರಿನಲ್ಲಿ ಕೂತು ಯೋಚಿಸಿದರೆ ವಿಷಯ ಅಷ್ಟು ನೇರ ಅನ್ನಿಸುವುದಿಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದವರು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್. 1938ರಿಂದ ಕೊಂಕಣಿ ಮನೆಗಳಿಗೆ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆ ಮಂಗಳೂರು ಧರ್ಮಪ್ರಾಂತದ್ದು. ಕನ್ನಡ, ತುಳು, ಕೊಂಕಣಿ, ಬ್ಯಾರಿಯಲ್ಲಿ ಮಾತಾಡುವ ಸಮುದಾಯ ಬಾನುಲಿ ‘ಸಾರಂಗ್’ ನಡೆಯುತ್ತಿರುವುದು ಜೆಸುವಿಟ್ ಪಾದ್ರಿಗಳ ಸಂತ ಅಲೋಶಿಯಸ್ ಶಿಕ್ಷಣ ಸಂಸ್ಥೆಯ ಆವರಣದಲ್ಲಿ. ಈ ನಿಷೇಧ ಪತ್ರಿಕೆಗೆ ಅನ್ವಯಿಸುವುದಿಲ್ಲ, ಸಮುದಾಯ ಬಾನುಲಿಗೆ ಬೇರೆಯದೇ ನೀತಿ ಇದೆ, ನಿಜ. ಆದರೂ ಸಣ್ಣ ಭಾಷೆಗಳನ್ನು ಕಾಪಾಡಿಕೊಂಡು ಬಂದವರಲ್ಲಿ ಇಂಥ ಸಂಸ್ಥೆಗಳು ಇದ್ದವು ಎಂಬುದು ನಮಗೆ ಗೊತ್ತಿರುವಷ್ಟು ದಿಲ್ಲಿಗೆ ಗೊತ್ತಿಲ್ಲ. ಅದೇ ಹೊತ್ತಿಗೆ, ಧರ್ಮದ ಹೆಸರಿನ ವಿಷ ಕಾರುವ ಚಾನೆಲ್ಲು ನಮ್ಮ ಜಿಲ್ಲೆಗೆ ಏನು ಮಾಡಬಲ್ಲದು ಎಂಬುದೂ ನಮಗೇ ಚೆನ್ನಾಗಿ ಗೊತ್ತು. ನಾನಾದರೆ ಸಾರಾಸಗಟು ನಿಷೇಧಕ್ಕಿಂತ ಹಣ ಎಲ್ಲಿಂದ ಬರುತ್ತದೆ, ನಿರ್ದೇಶಕರು ಯಾರು ಎಂದು ಪ್ರತಿ ವರ್ಷ ಪ್ರಕಟಿಸುವ ಕಟ್ಟುಪಾಡು ಕೇಳುತ್ತೇನೆ. ನೀವು ಬೇರೆ ಅಭಿಪ್ರಾಯದವರಿರಬಹುದು. ಹಾಗಿದ್ದರೆ ಅದನ್ನೇ ಬರೆಯಿರಿ.

ಈಗ ಜನರನ್ನು ಕೇಳುವ ಕ್ರಮ. ಟ್ರಾಯ್ ತನ್ನ ಕೆಲಸದಲ್ಲಿ ಪಾರದರ್ಶಕವಾಗಿರಬೇಕು ಎಂದು ಅದರ ಕಾಯಿದೆಯ 11(4)ನೇ ಕಲಮು ಹೇಳುತ್ತದೆ. 2016ರಲ್ಲಿ ಕಾಲ್ ಡ್ರಾಪ್ ಪರಿಹಾರದ ನಿಯಮವನ್ನು ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿ ಹಿಡಿಯಿತು. ಆದ್ದರಿಂದ ಸಮಾಲೋಚನಾ ಪತ್ರ ಬಂದಾಗ ಸಾಮಾನ್ಯವಾಗಿ ನಾಲ್ಕು ವಾರ ಅಭಿಪ್ರಾಯಕ್ಕೆ, ಎರಡು ವಾರ ಪ್ರತಿ ಅಭಿಪ್ರಾಯಕ್ಕೆ, ಅಂದರೆ ಬೇರೆಯವರು ಬರೆದದ್ದಕ್ಕೆ ಎದುರುತ್ತರ ಕೊಡಲು ಸಿಗುತ್ತದೆ. ಬಂದದ್ದನ್ನೆಲ್ಲ ಜಾಲತಾಣದಲ್ಲಿ ಹಾಕುತ್ತಾರೆ, ಕೊನೆಗೆ ಮುಕ್ತ ಚರ್ಚಾಸಭೆ. ಪ್ರತಿ ಅಭಿಪ್ರಾಯದ ಆ ಎರಡು ವಾರವನ್ನು ಜನ ಬಳಸಿಕೊಳ್ಳುವುದೇ ಇಲ್ಲ. ದೊಡ್ಡ ಕಂಪೆನಿಗಳು ಏನು ಬರೆದಿವೆ ಎಂದು ಓದಿ, ‘ನೀವು ಹೇಳಿದ ಸ್ಪರ್ಧೆ ನಮ್ಮೂರಲ್ಲಿ ಇಲ್ಲ’ ಎಂದು ತೋರಿಸಲು ಸಿಗುವ ಅವಕಾಶ ಅದು.

ಈ ಕ್ರಮವನ್ನು ನಮಗೆ ಗೊತ್ತಿರುವ ಇನ್ನೊಂದು ಕ್ರಮದ ಪಕ್ಕ ಇಟ್ಟು ನೋಡಿ. ಎಲ್ಲೂರು ಉಷ್ಣ ವಿದ್ಯುತ್ ಸ್ಥಾವರ ಇರಲಿ, ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ ಇರಲಿ, ಅಹವಾಲು ಸಭೆ ಎಂದರೆ ಏನೆಂದು ನಮ್ಮ ಕಡೆಯ ಮೀನುಗಾರರಿಗೂ ರೈತರಿಗೂ ವಿವರಿಸಬೇಕಾಗಿಲ್ಲ. 2006ರ ಪರಿಸರ ಅಧಿಸೂಚನೆಯಂತೆ ಸಭೆ ಯೋಜನೆಯ ಜಾಗದಲ್ಲಿ ಅಥವಾ ಅದರ ಹತ್ತಿರದಲ್ಲೇ ನಡೆಯಬೇಕು, 30 ದಿನ ಮೊದಲು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು, ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲೇ ಓದಿ ಹೇಳಬೇಕು. ಆ ಸಭೆಗಳಲ್ಲಿ ಜನರ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂಬುದು ಬೇರೆ ಚರ್ಚೆ. ಹೊಗೆಯ ಬಗ್ಗೆ ಕೇಳಲು ಊರಿಗೇ ಬರುವ ವ್ಯವಸ್ಥೆ, ಸುದ್ದಿಯ ಬಗ್ಗೆ ಕೇಳಲು ಯಾಕೆ ಬರುವುದಿಲ್ಲ ಎಂಬುದು ನನ್ನ ಪ್ರಶ್ನೆ. ಒಡೆತನದ ಚರ್ಚೆ ಕರಾವಳಿಯಲ್ಲಿ ಒಮ್ಮೆಯಾದರೂ ನಡೆಯಲಿ ಎಂದು ಒತ್ತಾಯಿಸುವುದು ಅತಿಯಾಸೆ ಏನಲ್ಲ.

ಜಿಲ್ಲಾಧಿಕಾರಿ ಕಚೇರಿಗೆ ಮನವಿ ಕೊಟ್ಟರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಜಿಲ್ಲಾ ಮಟ್ಟದ ಟಿವಿ ನಿಗಾ ಸಮಿತಿ ಅಲ್ಲಿದೆ, ಆದರೆ ಅದು ನೋಡುವುದು ಏನು ಪ್ರಸಾರವಾಯಿತು ಎಂಬುದನ್ನು. ಯಾರ ಕೈಯಲ್ಲಿ ಎಷ್ಟಿದೆ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ.

ಜನ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಚೆನ್ನಾಗಿದೆ. ಒಂದು ಊರಿನಲ್ಲಿ ಪತ್ರಿಕೆ ಇಟ್ಟುಕೊಂಡವರು ಅದೇ ಊರಿನ ರೇಡಿಯೋ, ಟಿವಿ ಕೇಂದ್ರ ಇಟ್ಟುಕೊಳ್ಳಬಾರದೆಂಬ ನಿಯಮ ಅಲ್ಲಿ 1975ರಿಂದ ಇತ್ತು. ಅಲ್ಲಿಯೂ ಊರೇ ಘಟಕ, ಗಮನಿಸಿ. 2003ರಲ್ಲಿ ಅದನ್ನು ಸಡಿಲಿಸಲು ಅಲ್ಲಿನ ಸಂವಹನ ಆಯೋಗ ಹೊರಟಾಗ ಅಧಿಕೃತ ಅಹವಾಲು ಸಭೆ ನಡೆದದ್ದು ಒಂದೇ ಒಂದು, ವರ್ಜೀನಿಯಾದ ರಿಚ್ಮಂಡ್‌ನಲ್ಲಿ. ಆದರೂ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದವು, ಎಡಬಲ ಎನ್ನದೆ ಬರೆದರು. ಆಯೋಗ ಕೇಳಲಿಲ್ಲ, ಸಡಿಲಿಸಿತು. ಫಿಲಡೆಲ್ಫಿಯಾದ ಸಣ್ಣ ರೇಡಿಯೋ ಗುಂಪೊಂದು ಕೋರ್ಟಿಗೆ ಹೋಯಿತು, 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮಗಳನ್ನು ಮರುಪರಿಶೀಲನೆಗೆ ವಾಪಸು ಕಳಿಸಿತು. ಆಮೇಲೆ ಆಯೋಗ ಬೇರೆ ಬೇರೆ ಊರುಗಳಲ್ಲಿ ಸಭೆ ನಡೆಸಿತು. 2007ರಲ್ಲಿ ಮಾಡಿದ ಇನ್ನೊಂದು ಸಡಿಲಿಕೆಯನ್ನು 2011ರಲ್ಲಿ ಅದೇ ನ್ಯಾಯಾಲಯ ರದ್ದು ಮಾಡಿತು, ಕಾರಣ ಜನರಿಗೆ ಸರಿಯಾದ ಸೂಚನೆ, ಸಾಕಷ್ಟು ಅವಕಾಶ ಕೊಟ್ಟಿಲ್ಲ ಎಂದು. ಕೊನೆಗೆ 2017ರಲ್ಲಿ ಆಯೋಗ ಆ ನಿಯಮವನ್ನೇ ತೆಗೆದುಹಾಕಿತು, 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿತು. ಸೋತರಲ್ಲ ಎನ್ನಬಹುದು. ಆದರೆ 2003ರಲ್ಲಿ ಆಗಬೇಕಿದ್ದದ್ದು ಹದಿನಾಲ್ಕು ವರ್ಷ ತಡೆದು ನಿಂತಿತು. ಒಂದು ಊರಿನ ಪತ್ರಿಕೆಗೆ ಹದಿನಾಲ್ಕು ವರ್ಷ ಎಂದರೆ ಕಡಿಮೆಯಲ್ಲ.

ನಮ್ಮಲ್ಲೂ ಆಗಿದೆ. 2015ರ ಮಾರ್ಚ್‌ನಲ್ಲಿ ಅಂತರಜಾಲ ಸಮಾನತೆಯ, ಅಂದರೆ ಫೋನ್ ಕಂಪೆನಿಗಳು ಎಲ್ಲ ಜಾಲತಾಣಗಳನ್ನೂ ಒಂದೇ ರೀತಿ ಕಾಣಬೇಕೆಂಬುದರ ಬಗ್ಗೆ ಟ್ರಾಯ್ ಪತ್ರ ಹೊರಡಿಸಿದಾಗ ಹತ್ತು ಲಕ್ಷ ದಾಟಿ ಇಮೇಲ್ ಹೋದವು. 2016ರ ಫೆಬ್ರವರಿಯಲ್ಲಿ ಬಂದ ನಿಯಮ ಜನ ಕೇಳಿದ ದಿಕ್ಕಿನಲ್ಲೇ ಇತ್ತು. ಆದರೆ ಆ ನಿಯಮಕ್ಕೆ ಮೊದಲು ನಡೆದ ಇನ್ನೊಂದು ಸುತ್ತಿನ ಚರ್ಚೆಯಲ್ಲಿ ಒಂದು ದೊಡ್ಡ ಕಂಪೆನಿಯ ಪರವಾಗಿ ಒಂದೇ ಅಚ್ಚಿನ ಲಕ್ಷಾಂತರ ಸಂದೇಶ ಬಂದಾಗ, ಇವು ನಾವು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎಂದು ಟ್ರಾಯ್ ಹೇಳಿತು. ವಾಟ್ಸಾಪಿನಲ್ಲಿ ಬಂದ ಒಕ್ಕಣೆಯನ್ನು ಮುಂದೆ ತಳ್ಳುವುದರಿಂದ ಹೆಚ್ಚೇನೂ ಆಗದು. ಇನ್ನೊಂದು ಎಚ್ಚರಿಕೆ: 2015ರಲ್ಲಿ ಬರೆದವರ ಇಮೇಲ್ ವಿಳಾಸಗಳೂ ಜಾಲತಾಣದಲ್ಲಿ ಬಹಿರಂಗವಾದವು. ಊರಿನ ಕೇಬಲ್‌ನವರ ಬಗ್ಗೆ ಬರೆಯುವಾಗ ನಿಮ್ಮ ಪತ್ರ ಅವರೂ ಓದುತ್ತಾರೆ ಎಂದೇ ಭಾವಿಸಿ ಬರೆಯಿರಿ. ಒಬ್ಬರೇ ಸಹಿ ಹಾಕುವುದಕ್ಕಿಂತ ಇಪ್ಪತ್ತು ಮಂದಿ ಸೇರಿ ಹಾಕುವುದು ಕ್ಷೇಮ.

ಅವಕಾಶ ಕೊಟ್ಟಂತೆ ಮಾಡಿ ಕೊಡದಿರುವುದೂ ಉಂಟು. ಯಾವುದೇ ಮಸೂದೆಯ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕವಾಗಿ ಇಡಬೇಕು ಎಂಬ ನೀತಿ 2014ರಲ್ಲೇ ಆಗಿದೆ. 2023ರ ನವೆಂಬರ್ 10ರಂದು ಪ್ರಸಾರ ಸೇವೆಗಳ ಮಸೂದೆಯ ಕರಡನ್ನು ಹಾಗೇ ಇಟ್ಟರು. ಮರುವರ್ಷ ಪರಿಷ್ಕರಿಸಿದ ಕರಡನ್ನು ಮಾತ್ರ ಆಯ್ದ ಕೆಲವರಿಗೆ, ಪ್ರತಿಯೊಂದಕ್ಕೂ ಗುರುತಿನ ನೀರಚ್ಚು ಹಾಕಿ ಕೊಟ್ಟರು ಎಂದು ವರದಿಯಾಯಿತು. ಗಲಾಟೆ ಎದ್ದ ಮೇಲೆ 2024ರ ಆಗಸ್ಟ್‌ನಲ್ಲಿ ಸಚಿವಾಲಯ ಇನ್ನಷ್ಟು ಸಮಾಲೋಚನೆ ಮಾಡುವುದಾಗಿ ಹೇಳಿತು. ಜನ ಗಲಾಟೆ ಮಾಡಿದ್ದಕ್ಕೇ ಅದು ನಿಂತದ್ದು.

ಭಾಷೆಯ ಬಗ್ಗೆ ನಿಮ್ಮ ಸಂಕೋಚ ಬಿಟ್ಟುಬಿಡಿ. ಸಂವಿಧಾನದ 350ನೇ ವಿಧಿಯಂತೆ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. 2020ರಲ್ಲಿ ಪರಿಸರ ಪರಿಣಾಮದ ಹೊಸ ಕರಡನ್ನು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಹೊರಡಿಸಿದಾಗ ದಿಲ್ಲಿ ಹೈಕೋರ್ಟ್ ಅದನ್ನು ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಲು ಹೇಳಿತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲೂ ಸ್ಥಳೀಯ ಭಾಷೆಯ ಪ್ರಚಾರದ ಪ್ರಶ್ನೆ ಬಂದು, ಅಂತಿಮ ಅಧಿಸೂಚನೆಗೆ ತಡೆ ಬಿತ್ತು. ಇದೇ ತರ್ಕವನ್ನು ಮಾಧ್ಯಮದ ಸಮಾಲೋಚನೆಗೂ ಹಿಡಿಯಬಹುದು. ಕನ್ನಡಕ್ಕೂ ಕೊಂಕಣಿಗೂ ಆ ಪಟ್ಟಿಯಲ್ಲಿ ಜಾಗವಿದೆ. ತುಳು, ಬ್ಯಾರಿಗೆ ಇಲ್ಲ. ಮನೆಯಲ್ಲಿ ತುಳುವಲ್ಲೇ ಸುದ್ದಿ ಕೇಳುವವರ ಮಾರುಕಟ್ಟೆ ಯಾವ ಲೆಕ್ಕದಲ್ಲಿ ಸೇರುತ್ತದೆ ಎಂದು ಕೇಳುವುದನ್ನು ಮರೆಯಬೇಡಿ. ರಾಜ್ಯ ಮತ್ತು ಭಾಷೆಯ ಅಳತೆಗೋಲಿನಲ್ಲಿ ಅವರಿಗೆ ಖಾನೆಯೇ ಇಲ್ಲ.

2022ರ ಪತ್ರ ಬಂದಾಗ ಉಡುಪಿಯ ಒಂದು ವಾಚನಾಲಯದ ಮಾಳಿಗೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಕೂತು ಅದರ ಪ್ರಶ್ನೆಗಳನ್ನು ಕನ್ನಡಕ್ಕೆ ತಂದುಕೊಂಡೆವು. ಬ್ಯಾಂಕಿನಿಂದ ನಿವೃತ್ತರಾದವರು, ಇಬ್ಬರು ಕಾಲೇಜು ಹುಡುಗಿಯರು, ಬೀಡಿ ಬ್ರ್ಯಾಂಚಿನಲ್ಲಿ ಲೆಕ್ಕ ಬರೆಯುವ ಅಕ್ಕ ಒಬ್ಬರು. ಬೆಳಗಿನಿಂದ ಮಾತು ಸಾಗುತ್ತಲೇ ಇಲ್ಲ. ಮಧ್ಯಾಹ್ನ ಕೇಬಲ್ ಲೈನ್ ಕೆಲಸದ ಹುಡುಗ ಒಬ್ಬ ಬಂದ. ಜೇಬಿನಿಂದ ಮಡಚಿದ ಮದುವೆ ಕಾಗದ ತೆಗೆದು, ಅದರ ಹಿಂದೆ ಗೆರೆ ಎಳೆದ. ಮೂರು ಹೆಸರು ಬರೆದ, ಮೂರಕ್ಕೂ ಗೆರೆ ಎಳೆದು ಒಂದೇ ಚೌಕಕ್ಕೆ ಸೇರಿಸಿದ. “ಫೀಡ್ ಒಂದೇ ಸಾರ್, ಬಿಲ್ಲಿನಲ್ಲಿ ಹೆಸರು ಮಾತ್ರ ಮೂರು. ಕಂಟ್ರೋಲ್ ರೂಮಿನಲ್ಲಿ ಒಂದು ಚಾನೆಲ್ ತೆಗೆದರೆ ಮೂರೂ ಕಡೆ ಹೋಗುತ್ತದೆ” ಎಂದ. ಒಡೆತನ ಮತ್ತು ಹಿಡಿತ ಎರಡೂ ಬೇರೆ ಎಂದು ಟ್ರಾಯ್ ಪುಟಗಟ್ಟಲೆ ವಿವರಿಸಿದ್ದು ಆ ಕಾಗದದ ಹಿಂದೆ ಎಲ್ಲರಿಗೂ ಅರ್ಥವಾಯಿತು. ಷೇರು ಶೇ. 20 ಇದ್ದರೆ ಹಿಡಿತ ಎಂದೂ, ಸಾಲ ಕೊಟ್ಟು ಬಿಗಿಹಿಡಿದರೂ ಹಿಡಿತ ಎಂದೂ 2014ರ ಶಿಫಾರಸಿನಲ್ಲಿದೆ. ಒಂದೇ ಫೀಡ್ ಇದ್ದರೆ ಅದೂ ಹಿಡಿತವೇ ಎಂದು ನಾವು ಬರೆದೆವು.

ನಿಮ್ಮ ಊರಿನ ಲೆಕ್ಕ ಹೊರತೆಗೆಯುವುದು ಕಷ್ಟವಲ್ಲ. ಮೊದಲು ಪತ್ರಿಕೆಗಳು. 1956ರ ನಿಯಮದಂತೆ ಪ್ರತಿ ಪತ್ರಿಕೆ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ನಮೂನೆ 4’ ಅಚ್ಚು ಹಾಕಬೇಕಿತ್ತು. ಗ್ರಂಥಾಲಯದಲ್ಲಿ ಹಳೆಯ ಕಟ್ಟು ಬಿಚ್ಚಿ ಮಾರ್ಚ್ ತಿಂಗಳ ಸಂಚಿಕೆ ತೆಗೆಯಿರಿ. ಒಳಪುಟದ ಕೆಳಮೂಲೆಯಲ್ಲಿ, ಟೆಂಡರ್ ಜಾಹೀರಾತಿಗೂ ಶ್ರದ್ಧಾಂಜಲಿಗೂ ನಡುವೆ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದ ಒಂದು ಚೌಕ ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು, ಕೊನೆಯಲ್ಲಿ ಬಂಡವಾಳದ ಶೇ. 1ಕ್ಕಿಂತ ಹೆಚ್ಚು ಪಾಲು ಇರುವವರ ಹೆಸರು, ವಿಳಾಸ. ಐದು ಹತ್ತು ವರ್ಷದ ಚೌಕಗಳನ್ನು ಸಾಲಾಗಿ ಇಟ್ಟರೆ ಯಾರು ಯಾವಾಗ ಒಳಬಂದರು ಎಂದು ಕಾಣುತ್ತದೆ. ಹಳೆಯ 1867ರ ಕಾಯಿದೆ ಹೋಗಿ 2024ರ ಮಾರ್ಚ್ 1ರಿಂದ ಹೊಸ ನಿಯತಕಾಲಿಕಗಳ ಕಾಯಿದೆ ಬಂದಿದೆ, ಆದರೆ ಹಳೆಯ ಕಟ್ಟುಗಳು ಎಲ್ಲೂ ಹೋಗುವುದಿಲ್ಲ.

ಕೇಬಲ್ ಸಂಸ್ಥೆ ಕಂಪೆನಿಯಾಗಿದ್ದರೆ, ಹಿಂದೆ ಹೇಳಿದ ಷರತ್ತು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ಅದರ ವಾರ್ಷಿಕ ವಿವರ ಯಾರು ಬೇಕಾದರೂ ನೋಡಬಹುದು: ನಿರ್ದೇಶಕರು, ಷೇರುದಾರರು, ಸಾಲ. ಪಾಲುದಾರರ ಸಂಬಂಧಿಕರೇ ಗುತ್ತಿಗೆದಾರರು ಎಂಬ ನಿಮ್ಮ ಮಾತನ್ನು ಕಾಗದ ಇಲ್ಲದೆ ಬರೆಯಬೇಡಿ. ಕಾಗದ ಸಿಕ್ಕಿದರೆ ಬರೆಯಲು ಹೆದರಬೇಡಿ.

ಇನ್ನು ಒಡೆತನವೇ ಓದುಗರದ್ದಾದರೆ ಹೇಗೆ ಎಂದು ನಮ್ಮ ಜಿಲ್ಲೆ ಒಮ್ಮೆ ಪ್ರಯತ್ನಿಸಿ ನೋಡಿದೆ. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದ ಷೇರು ಹಣ ಕೂಡಿಸಿ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆ ಕಟ್ಟಿದರು. ಅದು ಬಹುಕಾಲ ಬಾಳಲಿಲ್ಲ, ಆದರೆ ಅಲ್ಲಿ ಪಳಗಿದ ಪತ್ರಕರ್ತರು ಕನ್ನಡದ ಬೇರೆ ಬೇರೆ ಪತ್ರಿಕೆಗಳಿಗೆ ಹೋದರು. ಇಂಥ ಓದುಗರ ಒಡೆತನದ ಸಣ್ಣ ಪ್ರಯತ್ನಗಳಿಗೆ ನಿಯಮದಲ್ಲಿ ಏನಾದರೂ ರಿಯಾಯಿತಿ ಕೊಡಿ ಎಂದು ಕೇಳುವುದು ನನಗೆ ಇಷ್ಟವಾದ ಬೇಡಿಕೆ. ಮಿತಿ ಹಾಕುವುದು ಒಂದು ಕಡೆಯ ಕೆಲಸ. ಹೊಸಬರು ಬರಲು ದಾರಿ ಬಿಡುವುದು ಇನ್ನೊಂದು ಕಡೆಯದು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ಮುಂದಿನ ಸಮಾಲೋಚನಾ ಪತ್ರ ಬರುವವರೆಗೆ ಕಾಯಬೇಡಿ, ಲೆಕ್ಕವನ್ನು ಈಗಲೇ ಮಾಡಿ ಇಡಿ. ಅಂದ ಹಾಗೆ ಟ್ರಾಯ್‌ಗೆ ಬೆಂಗಳೂರಿನಲ್ಲೂ ಪ್ರಾದೇಶಿಕ ಕಚೇರಿ ಇದೆ. ಒಕ್ಕಣೆ ಹೀಗಿದ್ದರೆ ಸಾಕು, ಬಿಟ್ಟ ಜಾಗ ನೀವು ತುಂಬಿಕೊಳ್ಳಿ:

“ನಮ್ಮ ಗ್ರಾಮದಲ್ಲಿ ____ ಮನೆಗಳಿವೆ. ಅದರಲ್ಲಿ ಕೇಬಲ್ ಇರುವವು ____, ಡಿಶ್ ಇರುವವು ____. ____ನೇ ಇಸವಿಯಲ್ಲಿ ಮೂವರು ಆಪರೇಟರ್ ಇದ್ದರು, ಈಗ ಒಬ್ಬರು. ಇಲ್ಲಿನ ಸುದ್ದಿ ಕೊಡುವ ಕೇಬಲ್ ಚಾನೆಲ್ ಅದೇ ಸಂಸ್ಥೆಯದು. ಗ್ರಾಮಕ್ಕೆ ಬರುವ ದಿನಪತ್ರಿಕೆಗಳು ದಿನಕ್ಕೆ ____ ಪ್ರತಿ, ಅದರಲ್ಲಿ ಒಂದೇ ಪತ್ರಿಕೆಯದು ____. ಈ ಅಂಕಿಗಳನ್ನು ಮನೆಮನೆಗೆ ಹೋಗಿ, ಏಜೆಂಟರನ್ನು ಕೇಳಿ ನಾವೇ ಬರೆದುಕೊಂಡಿದ್ದೇವೆ. ನಿಮ್ಮ ಲೆಕ್ಕದಲ್ಲಿ ಮಾರುಕಟ್ಟೆ ಎಂದರೆ ಕರ್ನಾಟಕ. ನಾವು ಬದುಕುವ ಮಾರುಕಟ್ಟೆ ಉಡುಪಿ ಜಿಲ್ಲೆ. ಎಫ್‌ಎಂ ನೀತಿಯಲ್ಲಿ ಊರನ್ನು ಘಟಕವಾಗಿ ಹಿಡಿದಂತೆ ಇಲ್ಲಿಯೂ ಜಿಲ್ಲೆಯನ್ನು ಹಿಡಿಯಬೇಕೆಂದೂ, ಈ ಬಗ್ಗೆ ಅಹವಾಲು ಸಭೆಯನ್ನು ಮಂಗಳೂರು ಅಥವಾ ಉಡುಪಿಯಲ್ಲಿ ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಲು ಅವಕಾಶ ಇಟ್ಟು ನಡೆಸಬೇಕೆಂದೂ ಕೋರುತ್ತೇವೆ.”

ಪೇಪರ್ ಏಜೆಂಟರ ಲೆಕ್ಕ ಬೆಳಿಗ್ಗೆ ಐದೂವರೆಗೆ ಕಟ್ಟು ಬಿಚ್ಚುವ ಹೊತ್ತಿಗೆ ಹೋದರೆ ಸರಿಯಾಗಿ ಸಿಗುತ್ತದೆ. ಆಮೇಲೆ ಹೋದರೆ ಉಳಿದ ಪ್ರತಿಗಳ ಮೇಲೆ ಅಂದಾಜು ಹೇಳುತ್ತಾರೆ.